ತಿಳಿ ಬಣ್ಣದ ಕೋವಿ ಮರಕ್ಕೆ ಡಬಲ್ ಬಾಯಿಲ್ಡ್ ಅಗಸೆ ಎಣ್ಣೆ: ಬಳಸಿ ನೋಡಿ ಬರೆದದ್ದು

ಚನ್ನಗಿರಿ ಕಡೆ ಅಡಿಕೆ ತೋಟದ ಮನೆಗಳಲ್ಲಿ ಬೆಳೆ ಕಾಯಲು ಲೈಸೆನ್ಸ್ ಪಡೆದ ಕೇಪಿನ ಕೋವಿ (ಕೇಪು ಅಂದರೆ ಮದ್ದಿಗೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ) ಇರುವುದು ಹೊಸದಲ್ಲ. ನಮ್ಮದು ಒಂಟಿ ನಳಿಗೆ, ಬಾಯಿಂದ ಮದ್ದು ತುಂಬುವಂಥದ್ದು. ಅದರ ಮರಕ್ಕೆ ಮೆತ್ತಿದ್ದ ಹಳೇ ಕಪ್ಪು ವಾರ್ನಿಷ್ ಕೆರೆದಾಗ ಒಳಗೆ ಅರಿಶಿನದಂಥ ಹಲಸಿನ ಮರ ಸಿಕ್ಕಿತು. ಎಳೆ ಎಳೆಯಾಗಿ ಕಾಣುವ ಅಂಥ ಮರವನ್ನು ಮತ್ತೆ ಕಪ್ಪು ಮಾಡಲು ಮನಸ್ಸು ಬರಲಿಲ್ಲ.

ದಾವಣಗೆರೆಯ ಮಂಡಿಪೇಟೆ ಕಡೆ ಒಂದು ಪೇಂಟ್ ಅಂಗಡಿಯಲ್ಲಿ ಕೇಳಿದೆ. "ಮರ ಇದ್ದಂಗೇ ಇರ್ಬೇಕಂದ್ರೆ ನೀರಿನ ಪಿಯು ತಗಳ್ರಿ ಅಣ್ಣಾ" ಅಂದರು. ಪಿಯು ಅಂದರೆ ಪಾಲಿಯುರೆಥೇನ್ ಎಂಬ ಪಾರದರ್ಶಕ ವಾರ್ನಿಷ್. ಅವರ ಮಾತು ನಿಜ. ಪಿಯು, ಬಿಳಿ ಚಪಡಾ (ಅರಗಿನ ಪಾಲಿಶ್), ಅಗಸೆ ಎಣ್ಣೆ ಮೂರನ್ನೂ ತಂದು ಹಲಸಿನ ತುಂಡುಗಳ ಮೇಲೆ ಹಚ್ಚಿ ನೋಡಿದೆ. ಎಲ್ಲಕ್ಕಿಂತ ತಿಳಿಯಾಗಿ ಉಳಿದದ್ದು ಪಿಯುವೇ. ಆದರೆ ಮರದ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಹಾಗೆ ಕಂಡಿತು. ಗೀರು ಬಿದ್ದರೆ ಆ ಜಾಗವನ್ನಷ್ಟೇ ಗೊತ್ತಾಗದಂತೆ ಸರಿ ಮಾಡುವುದೂ ಕಷ್ಟ. ತೋಟದಲ್ಲಿ ಓಡಾಡುವ ಕೋವಿಗೆ ಗೀರು ಬೀಳದೆ ಇರುತ್ತಾ?

ಚಪಡಾ ನನಗೆ ತುಂಬಾ ಇಷ್ಟವಾಯಿತು. ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆ ಉಂಡೆಯಿಂದ ಉಜ್ಜಿದರೆ ಎಳೆಗಳೆಲ್ಲ ಎದ್ದು ಬರುತ್ತವೆ. ಮೇಜಿಗಾದರೆ ಅದನ್ನೇ ಹಚ್ಚುತ್ತಿದ್ದೆ. ಕೋವಿಯ ಕಷ್ಟ ಬೇರೆ. ಕರಿಮದ್ದು ಸುಟ್ಟ ಮೇಲೆ ಉಳಿಯುವ ಮಸಿ ಗಾಳಿಯ ತೇವ ಹೀರಿ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಹಾಗಾಗಿ ನಳಿಗೆಯನ್ನು ಬಿಸಿನೀರಲ್ಲಿ ತೊಳೆಯಲೇಬೇಕು. ಕೇಪು ಕೂರಿಸುವ ಜಾಗದಿಂದ ಆ ಕರಿ ನೀರು ಸೋರಿ ಮರದ ಮೇಲೆ ಇಳಿಯುತ್ತದೆ. ಚಪಡಾ ಮೇಲೆ ಬಿಸಿನೀರು ನಿಂತರೆ ಬಿಳಿ ಕಲೆ ಗ್ಯಾರಂಟಿ.

ಕೊನೆಗೆ ಉಳಿದದ್ದು ಅಗಸೆ ಎಣ್ಣೆ. ನೀರು ಇದಕ್ಕೂ ಅಷ್ಟಿಷ್ಟು ಕಲೆ ಮಾಡುತ್ತದೆ. ಆದರೆ ಅಲ್ಲಿ ಮಾತ್ರ ಸ್ವಲ್ಪ ಉಜ್ಜಿ, ಎಣ್ಣೆ ಕೈಯಾಡಿಸಿದರೆ ಮರ ಸರಿಹೋಗುತ್ತದೆ. ನಾನು ಇದನ್ನು ಆರಿಸಿದ್ದು ಇದೊಂದೇ ಕಾರಣಕ್ಕೆ. ಡಬ್ಬಿ ಮೇಲೆ 'ಡಬಲ್ ಬಾಯಿಲ್ಡ್' ಅಂತ ಇರಲಿ. ಅದಕ್ಕೆ ಬೇಗ ಒಣಗಲು ಡ್ರೈಯರ್ ಎಂಬ ಲೋಹದ ಲವಣ ಸೇರಿಸಿರುತ್ತಾರೆ. ಗಾಣದ ಹಸಿ ಎಣ್ಣೆ ಹಚ್ಚಿದರೆ ವಾರಗಟ್ಟಲೆ ಅಂಟಂಟಾಗಿಯೇ ಇರುತ್ತದೆ.

ಬಣ್ಣದ ವಿಷಯ ಬಿಚ್ಚಿ ಹೇಳಿಬಿಡುತ್ತೇನೆ. ಈ ಎಣ್ಣೆ ಮರವನ್ನು ಒಂದು ಛಾಯೆ ಗಾಢ ಮಾಡುತ್ತದೆ, ವರ್ಷ ಕಳೆದಂತೆ ಹಳದಿಯೂ ಏರುತ್ತದೆ. ಎಣ್ಣೆ ಕೊಳ್ಳುವ ಮೊದಲೇ ಮರದ ಮೇಲೆ ಒದ್ದೆ ಬಟ್ಟೆ ಒರೆಸಿ ನೋಡಿ. ಆಗ ಕಾಣುವ ಬಣ್ಣ ಎಣ್ಣೆ ಹಚ್ಚಿದ ಮೇಲಿನ ಬಣ್ಣಕ್ಕೆ ಹೆಚ್ಚುಕಮ್ಮಿ ಹತ್ತಿರ ಇರುತ್ತದೆ. ಅದು ಒಪ್ಪಿಗೆಯಾಗದಿದ್ದರೆ ಪಿಯು ತಗೊಳ್ಳಿ. ಹಲಸು ಬೆಳಕಿಗೆ ತಾನಾಗಿಯೇ ಕಂದು ತಿರುಗುವ ಮರ, ಯಾವ ಫಿನಿಶ್ ಹಚ್ಚಿದರೂ ಹೊಸ ಹಳದಿ ಹಾಗೇ ಉಳಿಯಲ್ಲ. ಅಮೆರಿಕದ ಹಳೇ ಉದ್ದ ಕೋವಿಗಳಿಗೆ ಮೇಪಲ್ ಎಂಬ ಬೆಳ್ಳನೆ ಮರ ಬಳಸುತ್ತಿದ್ದರು. ಅದಕ್ಕೂ ಕಬ್ಬಿಣ ಕರಗಿಸಿದ ನೈಟ್ರಿಕ್ ಆಮ್ಲ ಬಳಿದು, ಕಾಯಿಸಿ, ಕಂದು ಮಾಡುತ್ತಿದ್ದರು. ನಮಗೆ ಆ ಗೋಜು ಬೇಡ.

ಹಚ್ಚುವ ಮೊದಲು ಕೋವಿ ಖಾಲಿ ಇದೆಯಾ ಅಂತ ಮದ್ದು ಜಡಿಯುವ ಕಡ್ಡಿ ಇಳಿಸಿ ಖಚಿತ ಮಾಡಿಕೊಳ್ಳಿ. ನಳಿಗೆ ಬಿಚ್ಚಿ, 220ರ ಉಪ್ಪುಕಾಗದದಿಂದ ಎಳೆಯ ಉದ್ದಕ್ಕೂ ಉಜ್ಜಿ. ಒದ್ದೆ ಬಟ್ಟೆ ಒರೆಸಿ ಒಣಗಿಸಿದರೆ ಸಣ್ಣ ರೋಮ ಏಳುತ್ತದೆ, 320ರಲ್ಲಿ ಅದನ್ನು ತೆಗೆಯಿರಿ. ಎಣ್ಣೆ ನಾಲ್ಕೇ ಹನಿ ಅಂಗೈಗೆ ಹಾಕಿಕೊಂಡು, ಮರ ಬೆಚ್ಚಗಾಗುವಷ್ಟು ತಿಕ್ಕಬೇಕು. ಹೀರದೆ ಉಳಿದದ್ದನ್ನು ಕಾಲು ಗಂಟೆಯಲ್ಲಿ ಪೂರ್ತಿ ಒರೆಸಿ. ಮಾರನೇ ದಿನ ಮುಟ್ಟಿ ನೋಡಿ, ಅಂಟದಿದ್ದರೆ ಮಾತ್ರ ಇನ್ನೊಂದು ಕೈ. ಮಳೆಗಾಲದಲ್ಲಿ ಇನ್ನೂ ತಡವಾಗುತ್ತದೆ. ನಳಿಗೆ ಕೂರುವ ತೋಡು, ಭುಜಕ್ಕೆ ಒರಗುವ ತುದಿಯ ಅಡ್ಡ ಎಳೆ ಎರಡಕ್ಕೂ ಹಚ್ಚಿ. ತೇವ ಮೊದಲು ನುಗ್ಗುವುದೇ ಅಲ್ಲಿಂದ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಏರಿ ಬಟ್ಟೆ ತಾನೇ ಹೊತ್ತಿಕೊಳ್ಳಬಹುದು. ಅಡಿಕೆ ಸಿಪ್ಪೆ ರಾಶಿ ಇರುವ ಶೆಡ್‌ನಲ್ಲಂತೂ ಬೇಡವೇ ಬೇಡ. ನೀರಲ್ಲಿ ನೆನೆಸಿಡಿ, ಇಲ್ಲವೇ ಹೊರಗೆ ಒಂಟಿಯಾಗಿ ಹರಡಿ ಒಣಗಿಸಿ.

ಒಂದು ಕೋವಿಗೆ ಸಣ್ಣ ಡಬ್ಬಿ ಧಾರಾಳ ಸಾಕು. ತೆರೆದ ಡಬ್ಬಿಯಲ್ಲಿ ಎಣ್ಣೆ ಕೆನೆ ಕಟ್ಟುತ್ತದೆ, ದೊಡ್ಡದು ತಂದರೆ ಸುಮ್ನೆ ದುಡ್ಡು ದಂಡ.