ಮನೆ ಮನೆಗೆ ಗಂಗೆ: ನಲ್ಲಿಗೆ ನಾಲ್ಕು ಸ್ಟಾರ್, ರಿಪೇರಿಗೆ ಒಂದು

ಬೀದಿ ನಲ್ಲಿ ಮುಂದೆ ಕೊಡ ಸಾಲಿಟ್ಟು ಕಾದವರಿಗೆ ಗೊತ್ತು, ಅಂಗಳದಲ್ಲೇ ನಲ್ಲಿ ಇದ್ದರೆ ಬೆಳಗಿನ ಹೊತ್ತು ಎಷ್ಟು ಉಳಿಯುತ್ತದೆ ಅಂತ. ಹಳ್ಳಿಯ ಮನೆ ಮನೆಗೂ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್, ಕರ್ನಾಟಕದಲ್ಲಿ ಅದರ ಹೆಸರೇ 'ಮನೆ ಮನೆಗೆ ಗಂಗೆ', ನಮ್ಮೂರಲ್ಲಿ ಹೇಗಿದೆ ಅಂತ ಹೇಳುವಾಗ ಅದಕ್ಕೇ ಒಳ್ಳೆಯದನ್ನು ಮೊದಲು ಹೇಳುತ್ತೇನೆ. ನೀರು ಬಿಟ್ಟಾಗ ಚೆನ್ನಾಗಿ ರಭಸ ಇರುತ್ತದೆ, ವಾಸನೆ ಇಲ್ಲ. ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕು ಅನ್ನುವುದು ಈ ಯೋಜನೆಯ ಲೆಕ್ಕ. ನಾವು ಐದು ಜನ, ಅಂದರೆ 275 ಲೀಟರ್. ಹದಿನೈದು ಲೀಟರ್ ಹಿಡಿಯುವ ಕೊಡದಲ್ಲಿ ಹದಿನೆಂಟಕ್ಕಿಂತ ಸ್ವಲ್ಪ ಜಾಸ್ತಿ. ಕರೆಂಟ್ ಸರಿಯಾಗಿದ್ದರೆ ಅಷ್ಟೂ ಬರುತ್ತದೆ.

ಮೋಟರ್ ಸುಟ್ಟಾಗಲೇ ತೊಂದರೆ. ನಮ್ಮದು ಬಯಲುಸೀಮೆ, ಬೋರ್‌ವೆಲ್ ನಿಂತರೆ ಊರೇ ನಿಂತಂತೆ. ಕಳೆದ ಬೇಸಿಗೆಯಲ್ಲಿ ಹಾಗೇ ಆಯಿತು. ಸುಟ್ಟ ಮೋಟರ್‌ಗೆ ಹೊಸ ತಂತಿ ಸುತ್ತಿಸಲು (ರಿವೈಂಡಿಂಗ್) ಯಾವ ಖಾತೆಯಿಂದ ದುಡ್ಡು ತೆಗೆಯಬೇಕು ಅಂತ ತೀರ್ಮಾನ ಆಗುವಷ್ಟರಲ್ಲಿ ವಾರಗಳೇ ಹೋದವು. ಬೈಗುಳವೆಲ್ಲ ಊರಿಗೆ ನೀರು ಬಿಡುವ ನೀರುಗಂಟಿಗೆ. ಪಾಪ, ಅವರು ತಾನೇ ಏನು ಮಾಡಿಯಾರು?

 

2019ರಲ್ಲಿ ಶುರುವಾದ ಈ ಯೋಜನೆಗೆ ಕರ್ನಾಟಕದಲ್ಲಿ ಕೇಂದ್ರ ಅರ್ಧ, ರಾಜ್ಯ ಅರ್ಧ ದುಡ್ಡು ಹಾಕುತ್ತವೆ. ಅದು ಟ್ಯಾಂಕ್, ಪೈಪ್, ನಲ್ಲಿಗೆ. ದಿನಾ ನಡೆಸುವ ಖರ್ಚು ಪಂಚಾಯಿತಿ ತಲೆ ಮೇಲೆ. ಅದಕ್ಕೆ ಅಂತ, ಪಂಚಾಯಿತಿಗೆ ಕೇಂದ್ರದಿಂದ ಬರುವ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 30ರಷ್ಟನ್ನು ನೀರಿನ ಕೆಲಸಕ್ಕೇ ಮೀಸಲಿಟ್ಟಿದ್ದರು. ಜೊತೆಗೆ ನಾವು ಕಟ್ಟುವ ನೀರಿನ ಕಂದಾಯ. ಕಂದಾಯ ಕಟ್ಟದ ಮನೆಗಳೂ ಇವೆ, ಅದನ್ನೂ ಹೇಳಬೇಕು ಅಲ್ವಾ?

ಇನ್ನೊಂದು ಮುಖ್ಯ ವಿಷಯ. ಕೆಲಸ ಸರಿಯಾಗಿ ಮುಗಿದ ಊರಿಗೆ, ಊರೊಳಗಿನ ಕಾಮಗಾರಿ ವೆಚ್ಚದ ಶೇ. 10ರಷ್ಟನ್ನು ಇಂಥ ದಿಢೀರ್ ರಿಪೇರಿಗೆ ಅಂತಲೇ, ಊರಿನ ನೀರಿನ ವ್ಯವಸ್ಥೆ ನೋಡಿಕೊಳ್ಳುವ ನೀರು ಸಮಿತಿಗೆ ಕೊಡಬೇಕು. ಯೋಜನೆಯ ಮಾರ್ಗಸೂಚಿಯಲ್ಲೇ ಇದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದೆ, ನಮ್ಮೂರಿನ ಆ ದುಡ್ಡು ಎಲ್ಲಿದೆ ಅಂತ. 'ನೋಡೋಣ ಕೂತ್ಕೊಳ್ಳಮ್ಮ' ಅಂದರು. ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು. ನಮ್ಮಲ್ಲೂ ಇದ್ದಾರೆ, ಪಟ್ಟಿಯಲ್ಲಿ. ಸಭೆಗೆ ಮಾತ್ರ ಯಾರೂ ಕರೆಯುವುದಿಲ್ಲ. ನೀರಿಲ್ಲದ ದಿನ ದೂರದ ತೋಟದಿಂದ ಹೊತ್ತು ತರುವವರು ಅವರೇ. ಮೋಟರ್ ವಿಷಯ ಅವರ ಕೈಯಲ್ಲಿದ್ದಿದ್ದರೆ ಅಷ್ಟು ದಿನ ಸುಮ್ನೆ ಕೂರುತ್ತಿರಲಿಲ್ಲ.

ನೀರಿಗೆ ಐದಕ್ಕೆ ನಾಲ್ಕು ಸ್ಟಾರ್. ರಿಪೇರಿಗೆ ಒಂದೇ. ಪಂಪ್‌ಹೌಸಿನಲ್ಲಿ ಇನ್ನೊಂದು ಮೋಟರ್ ತಂದಿಟ್ಟು, ಸಮಿತಿ ಖಾತೆಯ ಜಮಾ ಖರ್ಚನ್ನು ಪಂಚಾಯಿತಿ ಗೋಡೆಗೆ ಅಂಟಿಸಿದರೆ ಆ ಒಂದನ್ನು ನಾನೇ ತಿದ್ದುತ್ತೇನೆ.