ಶಾರ್ಟೇಜ್ ಪಟ್ಟಿ, ಕಂಡೋನೇಷನ್ ಅರ್ಜಿ: ನಮ್ಮ ಕಾಲೇಜುಗಳ ಹಾಜರಾತಿ ಸೇವೆ ಹೇಗಿದೆ?

ಮಂಗಳೂರು, ಉಡುಪಿಯ ಹಲವು ಕಾಲೇಜುಗಳಲ್ಲಿ ಈಗ ಹಾಜರಾತಿ ಆ್ಯಪ್‌ನಲ್ಲೇ ಬೀಳುತ್ತದೆ. ಗೈರಾದರೆ ಸಂಜೆಯೊಳಗೆ ಮನೆಯವರ ಮೊಬೈಲಿಗೆ ಮೆಸೇಜ್ ಬರುತ್ತದೆ. ಅಲ್ಲಿಯವರೆಗೆ ಸೇವೆ ಚೆನ್ನಾಗಿದೆ, ಐದಕ್ಕೆ ನಾಲ್ಕು ಅಂಕ ಕೊಡಬಹುದು. ತೊಂದರೆ ಮೊದಲ ಪುಟದ್ದು. ಅಲ್ಲಿ ಕಾಣುವುದು ಎಲ್ಲ ವಿಷಯ ಸೇರಿಸಿದ ಶೇಕಡಾವಾರು. ಹಾಲ್ ಟಿಕೆಟ್ ತಡೆಯುವುದು ವಿಷಯವಾರು ಲೆಕ್ಕ. ಹೊರಗೆ 81 ತೋರಿಸುವ ಖಾತೆಯೊಳಗೆ ಒಂದು ವಿಷಯ 68ರಲ್ಲಿ ಕೂತಿರಬಹುದು.

ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕೆಂಬ ನಿಯಮವನ್ನೇ ನೋಡಿ. 60 ಕ್ಲಾಸಿನ ವಿಷಯದಲ್ಲಿ 15 ತಪ್ಪಿಸಬಹುದು. ವಾರಕ್ಕೆ ಎರಡೇ ಪೀರಿಯಡ್ ಇದ್ದು ಸೆಮಿಸ್ಟರಿಗೆ 30 ಕ್ಲಾಸ್ ಆಗುವ ವಿಷಯದಲ್ಲಿ 23 ಬೇಕು, ಅಂದರೆ ಏಳೇ ರಜೆ. ಸಣ್ಣ ವಿಷಯಗಳಲ್ಲೇ ಹೆಚ್ಚು ಮಂದಿ ಸಿಕ್ಕಿಬೀಳುವುದು ಇದಕ್ಕೇ. 30 ಕ್ಲಾಸ್ ಮುಗಿದಾಗ 18ಕ್ಕೆ ಮಾತ್ರ ಹೋಗಿದ್ದವರು ಮತ್ತೆ 75 ಮುಟ್ಟಲು ಒಂದೂ ಬಿಡದೆ ಇನ್ನು 18 ಕ್ಲಾಸಿಗೆ ಕೂರಬೇಕು. ಹಾಜರಾತಿ ಕಡಿಮೆಯಿದ್ದವರ ಶಾರ್ಟೇಜ್ ಪಟ್ಟಿ ನೋಟಿಸ್ ಬೋರ್ಡಿಗೆ ಬರುವುದು ಸೆಮಿಸ್ಟರ್ ಕೊನೆಯಲ್ಲಾದರೆ ಆ 18 ಕ್ಲಾಸ್ ಎಲ್ಲಿಂದ ತರುವುದು? ಇಂಥ ಕಾಲೇಜಿಗೆ ಒಂದೇ ಅಂಕ.

ಮಳೆಗೆ ಡಿಸಿ ರಜೆ ಕೊಟ್ಟ ದಿನ ಕ್ಲಾಸೇ ಇಲ್ಲ, ಹಾಗಾಗಿ ಲೆಕ್ಕ ಕೆಡುವುದಿಲ್ಲ. ಅದರ ಬದಲಿಗೆ ಶನಿವಾರ ಮಧ್ಯಾಹ್ನ ಇಡುವ ಕ್ಲಾಸ್ ಮಾತ್ರ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಎನ್ನೆಸ್ಸೆಸ್, ಎನ್‌ಸಿಸಿ ಕ್ಯಾಂಪ್, ಕ್ರೀಡಾಕೂಟಕ್ಕೆ ‘ಓಡಿ’ (ಆನ್ ಡ್ಯೂಟಿ, ಅಂದರೆ ಕಾಲೇಜಿನ ಪರವಾಗಿ ಹೋದ ದಿನದ ಹಾಜರಿ) ಸಿಗುತ್ತದೆ. ಹೋಗುವ ಮೊದಲೇ ಓಡಿ ಪತ್ರಕ್ಕೆ ಸಹಿ ಹಾಕಿಸಿ, ಬಂದ ವಾರದಲ್ಲೇ ಆ್ಯಪ್‌ಗೆ ಏರಿದೆಯೇ ನೋಡಿ. ರಾತ್ರಿಯಿಡೀ ಯಕ್ಷಗಾನ ಆಟ ನೋಡಿ ಬೆಳಿಗ್ಗೆ ಮೊದಲ ಪೀರಿಯಡ್ ಬಿಟ್ಟದ್ದಕ್ಕೆ ಓಡಿ ಇಲ್ಲ ಮಾರಾಯ್ರೆ.

ಕಂಡೋನೇಷನ್, ಅಂದರೆ ಹಾಜರಾತಿ ಕೊರತೆಯ ಮನ್ನಾ, ಇದರ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ವೈದ್ಯಕೀಯ ಪ್ರಮಾಣಪತ್ರ ಕೊಟ್ಟರೆ ಗೈರು ಹಾಜರಾಗಿ ಬದಲಾಗುವುದಿಲ್ಲ. ಕೊರತೆ ಮನ್ನಾ ಮಾಡಲು ಅದೊಂದು ಕಾರಣ, ಅಷ್ಟೇ. ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯು ನಿಯಮದಲ್ಲಿ ಶೇ. 85 ಬೇಕು, ಪ್ರಿನ್ಸಿಪಾಲರ ಶಿಫಾರಸಿನ ಮೇಲೆ ಶೇ. 10ರವರೆಗೆ ಮನ್ನಾ ಆಗಬಹುದು. 75ಕ್ಕಿಂತ ಕೆಳಗಿಳಿದರೆ ಪ್ರಮಾಣಪತ್ರದ ತೂಕ ಎಷ್ಟಿದ್ದರೂ ವ್ಯರ್ಥ. ಅರ್ಜಿಯೊಂದಿಗೆ ವೈದ್ಯರ ನೋಂದಣಿ ಸಂಖ್ಯೆ, ಕಾಯಿಲೆಯ ಆರಂಭ ಮತ್ತು ಕೊನೆಯ ದಿನಾಂಕ, ದಾಖಲಾಗಿದ್ದರೆ ಡಿಸ್ಚಾರ್ಜ್ ಸಮರಿ ಇರಲಿ. ಜ್ವರವೆಂದು ಬರೆದ ದಿನವೇ ಲ್ಯಾಬ್‌ನಲ್ಲಿ ಹಾಜರಿ ಬಿದ್ದಿದ್ದರೆ ಅರ್ಜಿ ಅಲ್ಲಿಗೇ ಮುಗಿಯಿತು.

ಕೋರ್ಟಿಗೆ ಹೋಗುವುದಾದರೆ ದಕ್ಷಿಣ ಕನ್ನಡ, ಉಡುಪಿಯವರು ಹೈಕೋರ್ಟಿನ ಬೆಂಗಳೂರು ಪ್ರಧಾನ ಪೀಠದಲ್ಲೇ ರಿಟ್ ಅರ್ಜಿ ಹಾಕಬೇಕು. ಲೆಕ್ಕ ತಪ್ಪಿದೆ, ಓಡಿ ಸೇರಿಸಿಲ್ಲ, ನೋಟಿಸೇ ಕೊಟ್ಟಿಲ್ಲ ಎಂದು ದಾಖಲೆ ಸಮೇತ ತೋರಿಸಿದರೆ ಅರ್ಜಿಗೆ ಬಲ. ಒಂದು ವರ್ಷ ಹಾಳಾಗುತ್ತದೆ ಎಂಬ ಅಳಲೊಂದೇ ಸಾಲದು. ಮಧ್ಯಂತರ ಆದೇಶದಲ್ಲಿ ಪರೀಕ್ಷೆ ಬರೆದರೂ ಫಲಿತಾಂಶ ಅಂತಿಮ ಆದೇಶಕ್ಕೆ ಒಳಪಟ್ಟಿರುತ್ತದೆ. ಸೋತರೆ ಬರೆದ ಪೇಪರೂ ಹೋಯಿತು.

2025ರ ನವೆಂಬರ್ 3ರ ದಿಲ್ಲಿ ಹೈಕೋರ್ಟ್ ತೀರ್ಪನ್ನು ಬಿಕಾಂ, ಎಂಜಿನಿಯರಿಂಗ್ ಹುಡುಗರೂ ವಾಟ್ಸ್ಆ್ಯಪ್‌ನಲ್ಲಿ ಹಂಚುವುದುಂಟು. ಹಾಜರಾತಿ ಕೊರತೆಗಾಗಿ ಪರೀಕ್ಷೆ ತಡೆಯಬಾರದು ಎಂದು ಅದು ಹೇಳಿದ್ದು ಕಾನೂನು ವಿದ್ಯಾರ್ಥಿಗಳ ವಿಚಾರದಲ್ಲಿ. ಅವರಿಗೆ ಬಾರ್ ಕೌನ್ಸಿಲ್‌ನ 2008ರ ನಿಯಮದಂತೆ ಪ್ರತಿ ವಿಷಯದಲ್ಲಿ ಶೇ. 70 ಬೇಕಿತ್ತು. ಉಳಿದವರಿಗೆ ಅದರಲ್ಲಿ ಉಪಯೋಗದ ಭಾಗ ಬೇರೆಯೇ ಇದೆ: ಹಾಜರಾತಿಯನ್ನು ವಾರ ವಾರ ತಿಳಿಸಬೇಕು, ಕೊರತೆಯಿದ್ದರೆ ತಿಂಗಳಿಗೊಮ್ಮೆ ಪೋಷಕರಿಗೆ ಹೇಳಬೇಕು, ಹೆಚ್ಚುವರಿ ಕ್ಲಾಸ್ ಇಡಬೇಕು. ಇದಕ್ಕೆ ನಮ್ಮ ಕಾಲೇಜುಗಳು ಯಾವ ಆದೇಶಕ್ಕೂ ಕಾಯಬೇಕಾಗಿಲ್ಲ. ಆ್ಯಪ್ ತೆರೆದ ಕೂಡಲೇ ವಿಷಯವಾರು ಪುಟ ಬರುವಂತೆ ಮಾಡಿದರೂ ಅರ್ಧ ಕೆಲಸ ಆಗುತ್ತದೆ.