ಬೋಂಡಾದಲ್ಲಿ ಫೇಲು, ಸೇಬಿನಲ್ಲಿ ಪಾಸು: ನಮ್ಮ ಮನೆಯ ಏರ್ ಫ್ರೈಯರ್

ಯುಗಾದಿಯ ಹಿಂದಿನ ದಿನ ಮನೆಗೆ ಒಂದು ದೊಡ್ಡ ಡಬ್ಬ ಬಂತು. ಮಗಳು ಜರ್ಮನಿಯಲ್ಲಿ ಕೂತೇ ಬುಕ್ ಮಾಡಿ ಮೈಸೂರಿನ ವಿಳಾಸ ಕೊಟ್ಟಿದ್ದಳು. ಒಳಗೆ ಏರ್ ಫ್ರೈಯರ್. 4.2 ಲೀಟರ್ ಬುಟ್ಟಿ, 1400 ವ್ಯಾಟ್, ಎರಡು ತಿರುಗಿಸುವ ಗುಂಡಿ. ಒಂದು ಶಾಖಕ್ಕೆ, ಒಂದು ಟೈಮಿಗೆ. ಬೆಲೆ ಐದೂವರೆ ಸಾವಿರದ ಆಸುಪಾಸು. ಕಂಪನಿ ಹೆಸರು ಬೇಡ ಬಿಡಿ, ಮುಂದೆ ಸ್ವಲ್ಪ ಬೈಯುವುದಿದೆ. "ಅಪ್ಪಾ, ಇನ್ಮೇಲೆ ಎಣ್ಣೆ ಇಲ್ಲದೆ ಬೋಂಡಾ ಮಾಡ್ಕೊಂಡು ತಿನ್ನಿ" ಎಂದಳು ಮಗಳು.

ಬೋಂಡಾದ ಕಥೆ ಮೊದಲು ಮುಗಿಸಿಬಿಡುತ್ತೇನೆ. ಆಲೂಗಡ್ಡೆ ಉಂಡೆಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಬುಟ್ಟಿಗೆ ಇಟ್ಟೆವು. ಹಿಟ್ಟು ಗಟ್ಟಿಯಾಗುವ ಮೊದಲೇ ಜಾಲರಿಯ ತೂತಿನಿಂದ ಕೆಳಗೆ ಇಳಿದುಹೋಯಿತು. ಹದಿನೈದು ನಿಮಿಷ ಬಿಟ್ಟು ಬುಟ್ಟಿ ಎಳೆದರೆ ಮೇಲೆ ಬೋಳು ಆಲೂಗಡ್ಡೆ, ಕೆಳಗೆ ಒಣಗಿದ ಹಿಟ್ಟಿನ ಚಕ್ಕಳ. ನನ್ನ ಹೆಂಡತಿ ಅದನ್ನು ನೋಡಿ, ಏನೂ ಹೇಳದೆ, ಒಲೆಯ ಮೇಲೆ ಬಾಣಲೆ ಇಟ್ಟಳು.

ತಪ್ಪು ಯಂತ್ರದ್ದಲ್ಲ, ಹೆಸರಿನದ್ದು. ನಾನು ವಿದ್ಯುತ್ ಇಲಾಖೆಯಲ್ಲಿ ಕೆಲಸ ಮಾಡಿದವನು. ಸೇರಿದಾಗ ಕೆಇಬಿ, 1999ರಲ್ಲಿ ಕೆಪಿಟಿಸಿಎಲ್ ಆಯಿತು, 2005ರಲ್ಲಿ ಮೈಸೂರಿನ ಕಡೆಗೆ ಸೆಸ್ಕ್ ಆಯಿತು, ನಾನು ಅದೇ ಕುರ್ಚಿಯಲ್ಲಿ ಕೂತಿದ್ದೆ. ಹೊಸ ಯಂತ್ರ ಬಂದರೆ ಒಳಗೆ ಏನಿದೆ ಎಂದು ನೋಡದೆ ನಿದ್ದೆ ಬರುವುದಿಲ್ಲ. ಇದರ ಒಳಗೆ ಇರುವುದು ಇಷ್ಟೇ: ಮೇಲುಗಡೆ ಸುರುಳಿ ಸುತ್ತಿದ ಕಾಯಿಲ್, ಅದರ ಮೇಲೆ ಒಂದು ಫ್ಯಾನ್. ಬಿಸಿ ಗಾಳಿ ಬುಟ್ಟಿಯ ಸುತ್ತ ಜೋರಾಗಿ ಸುತ್ತುತ್ತದೆ. 2010ರಲ್ಲಿ ಬರ್ಲಿನ್ನಿನ ಮೇಳದಲ್ಲಿ ಫಿಲಿಪ್ಸ್‌ನವರು ಏರ್‌ಫ್ರೈಯರ್ ಎಂದು ಹೆಸರಿಟ್ಟು ತೋರಿಸಿದರು, ಆಮೇಲೆ ಎಲ್ಲರೂ ಅದೇ ಹೆಸರು ಹಿಡಿದರು. (ನಮ್ಮದು ಅವರದ್ದಲ್ಲ.) ಕಾದ ಎಣ್ಣೆ ಹಿಟ್ಟನ್ನು ಮುಟ್ಟಿದ ಕೂಡಲೇ ಗಟ್ಟಿ ಮಾಡುತ್ತದೆ. ಗಾಳಿಗೆ ಆ ತಾಕತ್ತಿಲ್ಲ. ಹಾಗಾಗಿ ಇದು ಕರಿಯುವ ಯಂತ್ರವೇ ಅಲ್ಲ, ಫ್ಯಾನ್ ಇರುವ ಪುಟ್ಟ ಓವನ್. ಓವನ್ ಎಂದುಕೊಂಡು ನೋಡಿದರೆ ಒಳ್ಳೆಯ ಯಂತ್ರ. ಅದು ನನಗೆ ಗೊತ್ತಾಗಿದ್ದು ಸೇಬಿನಿಂದ.

2024ರ ಡಿಸೆಂಬರಿನಲ್ಲಿ ನಾವಿಬ್ಬರೂ ಸ್ಟುಟ್‌ಗಾರ್ಟಿನಲ್ಲಿ ಮಗಳ ಮನೆಯಲ್ಲಿದ್ದೆವು. ಮಧ್ಯಾಹ್ನ ನಾಲ್ಕೂವರೆಗೇ ಕತ್ತಲೆ. ಒಂದು ಸಂಜೆ ಪಕ್ಕದ ಮನೆಯ ಅಜ್ಜಿ ಬಟ್ಟಲಲ್ಲಿ ಏನೋ ಬಿಸಿಬಿಸಿ ತಂದರು. ಇಡೀ ಸೇಬು. ಸಿಪ್ಪೆ ಸುಕ್ಕಾಗಿ, ನಡುವಿನಿಂದ ಒಣದ್ರಾಕ್ಷಿ ಇಣುಕುತ್ತಿತ್ತು. ಸುತ್ತ ಹಳದಿ ವೆನಿಲಾ ಸಾಸ್. ಬ್ರಾಟ್‌ಆಪ್ಫೆಲ್ ಅನ್ನುತ್ತಾರಂತೆ, ಕ್ರಿಸ್‌ಮಸ್ ಕಾಲದ ತಿಂಡಿ. ಬೀಜದ ಗೂಡು ತೆಗೆದು ಬಾದಾಮಿ, ಒಣದ್ರಾಕ್ಷಿ, ಬೆಣ್ಣೆ ತುಂಬಿ ಓವನ್‌ನಲ್ಲಿ ಬೇಯಿಸುವುದು. ಬಾದಾಮಿ ಅರೆದ ಮಾರ್ಚಿಪಾನ್ ಹಾಕುವವರೂ ಇದ್ದಾರೆ. ಸೇಬು ಅಂದರೆ ನನಗೆ ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವಾಗ ಕೊಳ್ಳುವ ಹಣ್ಣು. ಅದನ್ನು ಚಮಚದಲ್ಲಿ ಬಗೆದು ಬಿಸಿಯಾಗಿ ತಿನ್ನಬಹುದು ಎಂದು ಅರವತ್ತೊಂದನೇ ವಯಸ್ಸಿನಲ್ಲಿ ತಿಳಿಯಿತು. ಅಜ್ಜಿ ಒಂದು ಮಾತು ಒತ್ತಿ ಹೇಳಿದರು, ಮಗಳು ಕನ್ನಡದಲ್ಲಿ ಹೇಳಿದಳು: ಬೋಸ್ಕೋಪ್ ಎಂಬ ಹುಳಿ ಸೇಬೇ ಆಗಬೇಕಂತೆ. ನಾನು ತಲೆಯಾಡಿಸಿದೆ, ಮರೆತೆ.

ಮರೆತದ್ದರ ಫಲ ಮೇ ತಿಂಗಳಲ್ಲಿ ಸಿಕ್ಕಿತು.

ಆ ತಿಂಡಿಯನ್ನು ಏರ್ ಫ್ರೈಯರಿನಲ್ಲಿ ಮಾಡಲು ಹೊರಟು, ಮೊದಲ ಸಲ ಮನೆಯಲ್ಲಿದ್ದ ಕೆಂಪು ಸೇಬನ್ನೇ ಇಟ್ಟೆ. ಕೋಲ್ಡ್ ಸ್ಟೋರೇಜಿನ ಡೆಲಿಶಿಯಸ್, ಕೆಳಗೆ ಐದು ಮೂತಿಯಂತೆ ಉಬ್ಬು ಇರುತ್ತದಲ್ಲ, ಅದು. ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ಅಮೆರಿಕದವರು 1916ರ ಸುಮಾರಿಗೆ ಹಿಮಾಚಲದ ಕೋಟ್‌ಗಢಕ್ಕೆ ತಂದು ನೆಟ್ಟ ಜಾತಿ. ಹಾಗೇ ತಿನ್ನಲು ಸಿಹಿ, ಬೇಯಿಸಲು ಮಾತ್ರ ಲಾಯಕ್ಕಿಲ್ಲ. 180 ಡಿಗ್ರಿ, 20 ನಿಮಿಷ ಇಟ್ಟೆ. ತೆಗೆದಾಗ ಸಿಪ್ಪೆ ಒಡೆದು, ತಿರುಳು ರವೆ ಗಂಜಿಯ ಹಾಗೆ ಹೊರಗೆ ಉಕ್ಕಿತ್ತು. ಬೀಜ ತೆಗೆಯುವಾಗ ಚಾಕು ಕೆಳಗಿನವರೆಗೂ ಹೋಗಿ ತೂತಾಗಿತ್ತು. ಒಳಗೆ ತುಂಬಿದ್ದ ಬೆಲ್ಲ ಅದರಿಂದ ಸೋರಿ, ಬುಟ್ಟಿಯ ತಳದಲ್ಲಿ ಸೀದು, ಅಡುಗೆಮನೆ ತುಂಬ ಹೊಗೆ.

ಎರಡನೇ ಸಲ ಜಾಣನಾದೆ ಎಂದುಕೊಂಡೆ. ದ್ರಾಕ್ಷಿ ಸೀಯಬಾರದು ಎಂದು ಮೇಲೆ ಅಲ್ಯುಮಿನಿಯಂ ಹಾಳೆ ಮುಚ್ಚಿದೆ. ಸುಮ್ನೆ ಮುಚ್ಚಿದ್ದೆ, ಬಿಗಿ ಮಾಡಿರಲಿಲ್ಲ. ಫ್ಯಾನ್ ಶುರುವಾದದ್ದೇ ತಡ, ಹಾಳೆ ಹಾರಿ ಮೇಲೆ ಕಾಯಿಲ್‌ಗೆ ಅಂಟಿತು. ಪಟಪಟ ಸದ್ದು ಕೇಳಿ ಓಡಿಬಂದು ಸ್ವಿಚ್ ಆರಿಸಿದೆ. ದಯವಿಟ್ಟು ಇದನ್ನು ಮಾಡಬೇಡಿ. ಹಗುರವಾದದ್ದು ಏನಿಟ್ಟರೂ ಹಾರುತ್ತದೆ. ಗೋಡಂಬಿ ಚೂರು ಕೂಡ.

ಮೂರನೇ ಸಲಕ್ಕೆ ದೇವರಾಜ ಮಾರ್ಕೆಟ್ಟಿಗೆ ಹೋಗಿ ಹುಳಿ ಸೇಬು ಕೇಳಿದೆ. ಹಣ್ಣಿನ ಅಂಗಡಿಯವರು ನನ್ನನ್ನು ವಿಚಿತ್ರವಾಗಿ ನೋಡಿದರು. ನಲವತ್ತು ವರ್ಷದಿಂದ ಎಲ್ಲರೂ ಸಿಹಿ ಇದೆಯಾ ಅಂತಲೇ ಕೇಳುವುದಂತೆ. ಕೊನೆಗೆ ಹಸಿರು ಸೇಬು ತೋರಿಸಿದರು, ಕೆಂಪಿಗಿಂತ ಕೆ.ಜಿ.ಗೆ ಅರವತ್ತು ರೂಪಾಯಿ ಜಾಸ್ತಿ. ಗ್ರ್ಯಾನಿ ಸ್ಮಿತ್. 1868ರ ಸುಮಾರಿಗೆ ಸಿಡ್ನಿಯ ಹತ್ತಿರ ಒಬ್ಬ ಅಜ್ಜಿಯ ತೋಟದಲ್ಲಿ ತಾನಾಗಿ ಹುಟ್ಟಿದ ಗಿಡದ ಸಂತತಿ, ಅದಕ್ಕೇ ಈ ಹೆಸರು. ಗಟ್ಟಿ, ಹುಳಿ, ಬೆಂದರೂ ಆಕಾರ ಬಿಡುವುದಿಲ್ಲ. ಸ್ಟುಟ್‌ಗಾರ್ಟಿನ ಅಜ್ಜಿ ಹೇಳಿದ್ದು ಆಗ ನೆನಪಾಯಿತು.

ಈಗ ನಾನು ಮಾಡುವ ರೀತಿ ಹೇಳುತ್ತೇನೆ. ಸೇಬಿನ ಮೇಲೆ ಮೇಣ ಹಚ್ಚಿರುತ್ತಾರೆ, ಬಿಸಿನೀರಿನಲ್ಲಿ ಉಜ್ಜಿ ತೊಳೆಯಬೇಕು. ತೊಟ್ಟಿನ ಕಡೆ ಟೋಪಿಯ ಹಾಗೆ ಒಂದು ಬಿಲ್ಲೆ ಕತ್ತರಿಸಿ ಪಕ್ಕಕ್ಕಿಡಿ, ಬಿಸಾಡಬೇಡಿ. ಬೀಜದ ಗೂಡನ್ನು ಚಾಕುವಿನಲ್ಲಿ ಅಲ್ಲ, ಟೀ ಚಮಚದಲ್ಲಿ ಕೆರೆದು ತೆಗೆಯಿರಿ. ತಳದಲ್ಲಿ ಒಂದು ಬೆರಳು ದಪ್ಪ ತಿರುಳು ಉಳಿಯಲೇಬೇಕು. ಸೇಬಿನ ಸೊಂಟದ ಸುತ್ತ ಚಾಕುವಿನ ಮೊನೆಯಿಂದ ಸಿಪ್ಪೆಗೆ ಮಾತ್ರ ಗೀರು ಹಾಕಿ. ಒಳಗಿನ ಹಬೆ ಆ ಗೀರಿನಿಂದ ಹೊರಗೆ ಹೋಗುತ್ತದೆ, ಸಿಪ್ಪೆ ಕಂಡಕಂಡಲ್ಲಿ ಒಡೆಯುವುದಿಲ್ಲ. ತುಂಬಲು ಒಂದು ಸೇಬಿಗೆ ಎರಡು ಚಮಚ ಪುಡಿಬೆಲ್ಲ, ಅರ್ಧ ಚಮಚ ತುಪ್ಪ, ಚಿಟಿಕೆ ಚಕ್ಕೆಪುಡಿ, ಹತ್ತು ನಿಮಿಷ ನೀರಲ್ಲಿ ನೆನೆಸಿದ ಒಣದ್ರಾಕ್ಷಿ, ಮುರಿದ ಗೋಡಂಬಿ. ಆಮೇಲೆ ಆ ಟೋಪಿಯನ್ನು ಮುಚ್ಚಿ ಎರಡು ಲವಂಗ ಚುಚ್ಚಿಬಿಡಿ. ಮೊಳೆ ಹೊಡೆದ ಹಾಗೆ. ದ್ರಾಕ್ಷಿ ಸೀಯುವುದಿಲ್ಲ, ಗೋಡಂಬಿ ಹಾರುವುದಿಲ್ಲ, ಲವಂಗದ ಪರಿಮಳ ಬೇರೆ. ಈ ಲವಂಗದ ಉಪಾಯ ನನ್ನದೇ, ಅದಕ್ಕೆ ಸ್ವಲ್ಪ ಜಂಬ ಇದೆ.

ಸೇಬನ್ನು ನೇರ ಜಾಲರಿಯ ಮೇಲೆ ಇಡಬೇಡಿ. ಅಂಚು ಗಿಡ್ಡವಾದ ಸ್ಟೀಲ್ ತಟ್ಟೆಯಲ್ಲಿ ಕೂರಿಸಿ, ತಟ್ಟೆಗೆ ಎರಡು ಚಮಚ ನೀರು ಹಾಕಿ. ಸೋರಿದ ಬೆಲ್ಲ ಆ ನೀರಿನಲ್ಲಿ ಪಾಕವಾಗುತ್ತದೆ, ಕೊನೆಗೆ ಅದನ್ನೇ ಮೇಲೆ ಸುರಿದುಕೊಳ್ಳಬಹುದು. ತಟ್ಟೆ ಬುಟ್ಟಿಗಿಂತ ಚಿಕ್ಕದಿರಲಿ, ಸುತ್ತ ಗಾಳಿ ಓಡಾಡಬೇಕು. ನಮ್ಮ ಬುಟ್ಟಿಯಲ್ಲಿ ನಾಲ್ಕು ಸೇಬು ಹಿಡಿಯುತ್ತದೆ, ಆದರೆ ಮೂರಕ್ಕೆ ನಿಲ್ಲಿಸುವುದು ಒಳ್ಳೆಯದು. 160 ಡಿಗ್ರಿ, 18 ನಿಮಿಷ. ಚಮಚದ ಹಿಡಿಯಿಂದ ಚುಚ್ಚಿದರೆ ಸಲೀಸಾಗಿ ಇಳಿಯಬೇಕು. ತೆಗೆದ ಕೂಡಲೇ ಬಾಯಿಗೆ ಹಾಕಬೇಡಿ. ಒಳಗಿನ ಬೆಲ್ಲ ಹೊರಗಿನ ಸೇಬಿಗಿಂತ ಬಿಸಿ ಇರುತ್ತದೆ, ನನ್ನ ನಾಲಿಗೆ ಎರಡು ದಿನ ಕೆಲಸ ಮಾಡಲಿಲ್ಲ.

ಮೊದಲು 180 ಎಂದು ಕೊಟ್ಟಿದ್ದೆ, ಈಗ 160 ಎಂದು ಇಳಿಸಿದ್ದಕ್ಕೆ ಕಾರಣ ಇದೆ. ನನ್ನ ಹಳೇ ಮಲ್ಟಿಮೀಟರಿಗೆ ಶಾಖ ಅಳೆಯುವ ತಂತಿ ಉಂಟು. ಅದನ್ನು ಬುಟ್ಟಿಯ ಸಂದಿಯಿಂದ ಒಳಗೆ ಬಿಟ್ಟು ನೋಡಿದೆ. ಗುಂಡಿ 180ರಲ್ಲಿ ಇಟ್ಟರೆ ಒಳಗೆ 196ರವರೆಗೆ ಏರುತ್ತದೆ, 168ಕ್ಕೆ ಇಳಿಯುತ್ತದೆ, ಮತ್ತೆ ಏರುತ್ತದೆ. ಟೈಮರ್ ಕೂಡ ಸ್ವಲ್ಪ ಸೋಮಾರಿ. 15 ನಿಮಿಷಕ್ಕೆ ತಿರುಗಿಸಿದರೆ ಗಂಟೆ ಹೊಡೆಯುವುದು 16 ನಿಮಿಷ 40 ಸೆಕೆಂಡಿಗೆ. ಐದೂವರೆ ಸಾವಿರದ ಯಂತ್ರಕ್ಕೆ ಇದು ಕ್ಷಮಿಸುವಂಥ ತಪ್ಪೇ. ಆದರೆ ಯಾರೋ ಹೇಳಿದ ಡಿಗ್ರಿ, ನಿಮಿಷ ನಂಬಿ ಕೂರಬೇಡಿ. ನಾನು ಹೇಳಿದ್ದನ್ನೂ ಅಷ್ಟೇ.

ಕರೆಂಟಿನ ವಿಷಯ ಕೇಳದೆ ನನ್ನನ್ನು ಯಾರೂ ಬಿಡುವುದಿಲ್ಲ, ಹೇಳಿಬಿಡುತ್ತೇನೆ. ನಮ್ಮ ಮೀಟರಿನ ಮೇಲೆ 3200 ಎಂದು ಬರೆದಿದೆ. ಅಂದರೆ ಆ ಕೆಂಪು ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್. ಫ್ರಿಜ್, ಫ್ಯಾನ್ ಎಲ್ಲ ಆರಿಸಿ, ಮೀಟರಿನ ಮುಂದೆ ಸ್ಟೂಲ್ ಹಾಕಿಕೊಂಡು ಎಣಿಸಿದೆ. 18 ನಿಮಿಷಕ್ಕೆ 1012 ಮಿನುಗು. "ರೀ, ನಿಮ್ಗೆ ರಿಟೈರ್ ಆಗಿದೆ ಅಂತ ಯಾರಾದ್ರೂ ಹೇಳಿದ್ರಾ?" ಎಂದಳು ನನ್ನವಳು. ಹೇಳಲಿ. ಮೂರು ಸೇಬಿಗೆ ಒಂದು ಯೂನಿಟ್ಟಿನ ಮೂರನೇ ಒಂದು ಭಾಗವೂ ಖರ್ಚಾಗಲಿಲ್ಲ ಎಂದು ಲೆಕ್ಕ ಸಿಕ್ಕಿತಲ್ವಾ. ದೊಡ್ಡ ಓಟಿಜಿ ಓವನ್ ಆದರೆ ಮೊದಲು ಹತ್ತು ನಿಮಿಷ ಕಾಯಿಸಬೇಕು, ಆಮೇಲೆ ಮೂವತ್ತೈದು ನಲವತ್ತು ನಿಮಿಷ ಬೇಯಿಸಬೇಕು. ಗೃಹಜ್ಯೋತಿ ಇರುವವರು ಹೆದರಬೇಡಿ. ಹಳೆಯ ಸರಾಸರಿಯ ಮೇಲೆ ಸ್ವಲ್ಪ ಜಾಸ್ತಿ ಬಿಟ್ಟಿದ್ದಾರಲ್ಲ, ವಾರಕ್ಕೆರಡು ಸಲ ಸೇಬು ಅದರೊಳಗೆ ಆರಾಮಾಗಿ ಹಿಡಿಯುತ್ತದೆ.

ಪ್ಲಗ್ ಮಾತ್ರ ಗಮನಿಸಿ. 1400 ವ್ಯಾಟ್ ಅಂದರೆ ಆರು ಆಂಪಿಯರ್ ದಾಟುತ್ತದೆ. ಅದಕ್ಕೇ ಗೀಸರಿಗೆ ಇರುವಂಥ ದಪ್ಪ ಪಿನ್ನಿನ 16 ಆಂಪಿಯರ್ ಪ್ಲಗ್ ಕೊಟ್ಟಿದ್ದಾರೆ. ಅಡುಗೆಮನೆಯ ಕಟ್ಟೆ ಮೇಲೆ ಮಿಕ್ಸಿ ಹಾಕುವ ಸಣ್ಣ ಪಾಯಿಂಟಿಗೆ ಇದು ಹೋಗುವುದಿಲ್ಲ. ಅಂಗಡಿಯಲ್ಲಿ ಐವತ್ತು ರೂಪಾಯಿಗೆ ದೊಡ್ಡದನ್ನು ಸಣ್ಣದಕ್ಕೆ ಸೇರಿಸುವ ಅಡಾಪ್ಟರ್ ಸಿಗುತ್ತದೆ. ತರಬೇಡಿ. ಅಂಥದ್ದರಿಂದ ಕಪ್ಪಗೆ ಕರಗಿದ ಸಾಕೆಟ್‌ಗಳನ್ನು ಎಷ್ಟು ಮನೆಯಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಬೇರೆ ಪಾಯಿಂಟ್ ಹಾಕಿಸಿ. ಯಂತ್ರದ ಹಿಂದೆ ಗಾಳಿ ಹೋಗುವ ಕಿಂಡಿ ಇದೆ, ಗೋಡೆಗೆ ಒತ್ತಿ ಇಡಬೇಡಿ.

ಈಗ ಬೈಗುಳ. ನಾಲ್ಕನೇ ತಿಂಗಳಿಗೆ ಬುಟ್ಟಿಯ ಮೂಲೆಯಲ್ಲಿ ಕಪ್ಪು ಲೇಪ ಏಳತೊಡಗಿತು. ಅರ್ಧ ತಪ್ಪು ನನ್ನದು. ಆ ಮೊದಲ ದಿನದ ಸೀದ ಬೆಲ್ಲವನ್ನು ಸ್ಟೀಲ್ ನಾರಿನಲ್ಲಿ ಉಜ್ಜಿದ್ದೆ. ಬಿಸಿನೀರು ಹಾಕಿ ಒಂದು ಗಂಟೆ ಬಿಟ್ಟಿದ್ದರೆ ಬೆಲ್ಲ ತಾನೇ ಕರಗುತ್ತಿತ್ತು. ಆದರೆ ನಾನು ಉಜ್ಜದ ಕಡೆಯೂ ಎದ್ದಿದೆ, ಅದಕ್ಕೇನು ಹೇಳೋಣ? ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಹನ್ನೆರಡು ನಿಮಿಷ ಸಂಗೀತ ಕೇಳಿಸಿದರು. ಆಮೇಲೆ ಒಬ್ಬ ಹುಡುಗ ಬಹಳ ಮರ್ಯಾದೆಯಿಂದ, "ಬುಟ್ಟಿ ವಾರಂಟೀಲಿ ಬರಲ್ಲ ಸರ್, ಮೋಟಾರ್‌ಗೆ ಮಾತ್ರ" ಎಂದ. ಹೊಸ ಬುಟ್ಟಿಗೆ 1150 ರೂಪಾಯಿ. ಯಂತ್ರದ ಬೆಲೆಯ ಐದನೇ ಒಂದು ಭಾಗ! ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದ ಎರಡು ವರ್ಷದ ವಾರಂಟಿ ಯಾವುದಕ್ಕೆ ಎಂದು ಸಣ್ಣ ಅಕ್ಷರ ಓದಿ ಕೊಂಡುಕೊಳ್ಳಿ. ಸದ್ದೂ ಕಮ್ಮಿಯಿಲ್ಲ, ಪಕ್ಕದಲ್ಲಿ ಟಿವಿ ನೋಡಲಾಗದು.

ಇಷ್ಟೆಲ್ಲ ಆದಮೇಲೂ ಮತ್ತೆ ಕೊಳ್ಳುತ್ತೀರಾ ಎಂದರೆ, ಹೌದು. ಮನೆಯಲ್ಲಿ ಇಬ್ಬರೇ ಇದ್ದರೆ ಕೊಳ್ಳಿ. ಗೆಣಸು ಸುಡಲು, ಕಡಲೆಬೀಜ ಹುರಿಯಲು, ಮೆತ್ತಗಾದ ನಿಪ್ಪಟ್ಟನ್ನು ಗರಿಗರಿ ಮಾಡಲು ಚೆನ್ನಾಗಿದೆ. ಐದಾರು ಜನರಿರುವ ಮನೆಗೆ ಇದು ಸಾಲದು, ಮೂರು ಸರದಿ ಮಾಡುವಷ್ಟರಲ್ಲಿ ಮೊದಲು ತಿಂದವರಿಗೆ ಮತ್ತೆ ಹಸಿವಾಗಿರುತ್ತದೆ. ಬೋಂಡಾ ಆಸೆಗೆ ಕೊಳ್ಳುವವರು ದುಡ್ಡು ಉಳಿಸಿಕೊಳ್ಳಿ.

ಸೇಬಿನ ವಿಷಯದಲ್ಲಿ ಕೊನೆಯ ಸುಧಾರಣೆ ನನ್ನದಲ್ಲ. ಗಣೇಶನ ಹಬ್ಬದ ಮಾರನೇ ದಿನ ಕಡುಬಿನ ಕಾಯಿ ಹೂರಣ ಒಂದು ಬಟ್ಟಲು ಉಳಿದಿತ್ತು. ನಾನು ಬೆಲ್ಲ, ಚಕ್ಕೆ ಎಂದು ಅಳೆಯುತ್ತಿದ್ದೆ. ಹೆಂಡತಿ ಬಂದು ಹೂರಣವನ್ನೇ ಸೇಬಿನೊಳಗೆ ಒತ್ತಿ ತುಂಬಿ, "ಈಗ ಇಡಿ" ಎಂದಳು. ಹೂರಣದಲ್ಲಿ ಬೆಲ್ಲ ಆಗಲೇ ಪಾಕಕ್ಕೆ ಬಂದಿರುತ್ತದೆ, ಹಾಗಾಗಿ ಸೋರಲೇ ಇಲ್ಲ. ಕಾಯಿತುರಿ ಅಂಚಿನಲ್ಲಿ ಕೆಂಪಗೆ ಹುರಿದಿತ್ತು. ಏಲಕ್ಕಿ ಘಮ, ಸೇಬಿನ ಹುಳಿ, ಕಾಯಿಯ ಸಿಹಿ. ನನ್ನ ದ್ರಾಕ್ಷಿ ಗೋಡಂಬಿ ಸೇಬು ಇದರ ಮುಂದೆ ಸಪ್ಪೆ ಎಂದು ಒಪ್ಪಿಕೊಳ್ಳಬೇಕಾಯಿತು. ವೆನಿಲಾ ಸಾಸಿನ ಬದಲು ಗಟ್ಟಿ ಹಾಲು ಸುರಿದೆವು.

ವಿಡಿಯೋ ಕಾಲ್‌ನಲ್ಲಿ ಮಗಳಿಗೆ ತೋರಿಸುವಾಗ ಪಕ್ಕದ ಮನೆ ಅಜ್ಜಿಯೂ ಅಲ್ಲೇ ಇದ್ದರು. ಒಳಗೆ ತುಂಬಿರುವುದು ಏನೆಂದು ಕೇಳಿದರು. ಹೂರಣಕ್ಕೆ ಜರ್ಮನ್ನಿನಲ್ಲಿ ಏನೆನ್ನಬೇಕೋ ಮಗಳಿಗೆ ಹೊಳೆಯಲಿಲ್ಲ, "ಕೊಕೊಸ್" ಎಂದು ಸುಮ್ಮನಾದಳು. ಅಜ್ಜಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಹೊಸ ಬುಟ್ಟಿಗೆ ಆರ್ಡರ್ ಕೊಟ್ಟು ಮೂರು ವಾರ ಆಯಿತು. ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಸ್ಟೀಲ್ ತಟ್ಟೆಯೇ ಗತಿ.